ಬಿಳಿಗೆರೆಯಲ್ಲಿ ಮೂರೆಕರೆ, ಬೆಂಗಳೂರಲ್ಲಿ ಕೆಲಸ: ಹಳೇ ಟ್ರ್ಯಾಕ್ಟರ್ ತಗೋಬೇಕಾ?

“ಊರಲ್ಲಿ ಮೂರೆಕರೆ ಇದೆ. ಎರಡು ತಿಂಗಳಿಗೊಂದ್ಸಲ ಹೋಗ್ತೀನಿ. ಒಂದು ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ತಗೊಂಡ್ರೆ ಹೇಗೆ?” ನಾನು ನಂಜನಗೂಡು ತಾಲ್ಲೂಕಿನ ಬಿಳಿಗೆರೆ ಕಡೆಯವನು ಅನ್ನೋ ಕಾರಣಕ್ಕೆ ಗೆಳೆಯರು ಈ ಪ್ರಶ್ನೆ ಕೇಳುತ್ತಲೇ ಇರುತ್ತಾರೆ. ಕೆಲವರದು ತಾತನ ಕಾಲದ ಜಮೀನು. ಇನ್ನು ಕೆಲವರದು 2020ರ ನಂತರ ಕೊಂಡದ್ದು. ಆ ವರ್ಷ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿದ್ದರಿಂದ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳುವ ದಾರಿ ತೆರೆಯಿತು.

ಗೆಳೆಯರಿಗೆ ಬೇಕಿರುವುದು ಒಂದು ಮಾಡೆಲ್ ಹೆಸರು. ನಾನು ಹೇಳೋದು ಬೇರೆ: ಮೊದಲು ಗಂಟೆ ಲೆಕ್ಕ ಹಾಕಿ, ಆಮೇಲೆ ಗಾಡಿಯ ಪೂರ್ವಚರಿತ್ರೆ ನೋಡಿ, ಜೊತೆಗೆ ಅದನ್ನು ಓಡಿಸೋರು ಯಾರು ಅಂತ ತೀರ್ಮಾನ ಮಾಡಿ.

ವರ್ಷಕ್ಕೆ ಎಷ್ಟು ಗಂಟೆ?

ಒಂದು ಬೆಳೆಗೆ ಎರಡು ಸಲ ಕಲ್ಟಿವೇಟರ್, ಒಂದು ಸಲ ರೋಟವೇಟರ್ ಹೊಡೆಸಿದರೆ ಎಕರೆಗೆ ಹೆಚ್ಚೆಂದರೆ ನಾಲ್ಕು ಗಂಟೆ ಅಂದುಕೊಳ್ಳಿ. ಮೂರೆಕರೆಗೆ 12 ಗಂಟೆ, ಎರಡು ಬೆಳೆಗೆ 24 ಗಂಟೆ. ಬಾಡಿಗೆ ಗಂಟೆಗೆ 1,000 ರೂಪಾಯಿ ಅಂತಿಟ್ಟುಕೊಂಡರೆ ವರ್ಷಕ್ಕೆ 24,000. ಹಳೇ ಟ್ರ್ಯಾಕ್ಟರಿಗೆ ಮೂರು ಲಕ್ಷ ಕೊಟ್ಟಿರಿ ಅಂದುಕೊಳ್ಳಿ. ಶೇ 8ರ ಲೆಕ್ಕದಲ್ಲಿ ಆ ದುಡ್ಡಿನ ಬಡ್ಡಿಯೇ 24,000! ಬಾಡಿಗೆಯಲ್ಲಿ ಡೀಸೆಲ್ಲು, ಡ್ರೈವರ್ ಕೂಲಿ ಎರಡೂ ಸೇರಿರುತ್ತವೆ. ಸ್ವಂತ ಗಾಡಿಗೆ ಅವೆರಡರ ಜೊತೆ ವಿಮೆ, ಬ್ಯಾಟರಿ, ಆಯಿಲ್, ಶೆಡ್ಡು ಎಲ್ಲಾ ಬೇರೆ.

ಟ್ರ್ಯಾಕ್ಟರಿನ ಆಯಸ್ಸನ್ನು ಸಾಮಾನ್ಯವಾಗಿ 10,000 ಗಂಟೆ ಎಂದು ಲೆಕ್ಕ ಹಾಕುತ್ತಾರೆ. ವರ್ಷಕ್ಕೆ 24 ಗಂಟೆಯಂತೆ ಅದು ಮುಗಿಯೋಕೆ ನಾನೂರು ವರ್ಷ ಬೇಕು. ಅಷ್ಟರೊಳಗೆ ಸುಮ್ಮನೆ ನಿಂತೇ ಗಾಡಿ ಹಾಳಾಗಿರುತ್ತೆ. ಬ್ಯಾಟರಿ ಸಾಯುತ್ತೆ, ಡೀಸೆಲ್ ಟ್ಯಾಂಕಿನಲ್ಲಿ ನೀರು ಕೂರುತ್ತೆ, ಟೈರು ಬಿರಿಯುತ್ತೆ, ಕ್ಲಚ್ ಪ್ಲೇಟ್ ತುಕ್ಕಿಗೆ ಅಂಟಿಕೊಳ್ಳುತ್ತೆ, ವೈರನ್ನು ಇಲಿ ಕಡಿಯುತ್ತೆ.

ಹಾಗಾದರೆ ಸ್ವಂತ ಗಾಡಿಯೇ ಬೇಡವೇ? ಬೇಕು ಅನ್ನೋರ ವಾದದಲ್ಲೂ ಹುರುಳಿದೆ. ಕಬಿನಿ ನಾಲೆಗೆ ನೀರು ಬಿಟ್ಟಾಗ ಅಚ್ಚುಕಟ್ಟಿನಲ್ಲಿರುವ ಎಲ್ಲರಿಗೂ ಒಂದೇ ಹೊತ್ತಿಗೆ ಗಾಡಿ ಬೇಕು. ಊರಲ್ಲಿ ಇಲ್ಲದವರ ಸರದಿ ಕೊನೆಗೇ ಬರೋದು. ನಾಟಿ ತಡವಾದರೆ ಇಳುವರಿ ಕೈಕೊಡುತ್ತೆ. ಇದಕ್ಕೆಂದೇ ರಾಜ್ಯ ಸರ್ಕಾರ 2014-15ರಲ್ಲಿ ಕೃಷಿ ಯಂತ್ರಧಾರೆ ಶುರುಮಾಡಿ, ಹೋಬಳಿ ಮಟ್ಟದಲ್ಲಿ ಯಂತ್ರಗಳನ್ನು ಬಾಡಿಗೆಗೆ ಕೊಡುವ ವ್ಯವಸ್ಥೆ ತಂದಿತು. ಕೊಳ್ಳುವ ಮುಂಚೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಊರಿನ ಒಬ್ಬ ಟ್ರ್ಯಾಕ್ಟರ್ ಮಾಲೀಕರ ಜೊತೆ ಇಡೀ ವರ್ಷಕ್ಕೆ ಮಾತಾಡಿ, ಮುಂಗಡ ಕೊಟ್ಟು ನೋಡಿ. ಅದೂ ಆಗಲಿಲ್ಲ ಅಂದರೆ ಮುಂದೆ ಓದಿ.

ಈ ಗಾಡಿ ಎಲ್ಲಿ ದುಡಿದಿದೆ?

ನಂಜನಗೂಡು, ತಿ. ನರಸೀಪುರ ಕಡೆ ಮಾರಾಟಕ್ಕೆ ಬರುವ ಹಳೇ ಗಾಡಿಗಳಲ್ಲಿ ಮೂರು ಜಾತಿ. ಒಂದು, ಕೇಜ್ ವೀಲ್ ಹಾಕಿ ಕೆಸರುಗದ್ದೆಯಲ್ಲಿ ದುಡಿದದ್ದು. ಇಂಥದ್ದರಲ್ಲಿ ಆಕ್ಸಲ್ ಸೀಲು, ಬ್ರೇಕು, ಕ್ಲಚ್ಚಿಗೆ ನೀರು, ಕೆಸರು ಹೋಗಿರುತ್ತೆ. ಹಿಂದಿನ ಚಕ್ರದ ಒಳಬದಿಯಲ್ಲಿ ಆಯಿಲ್ ಜಿನುಗಿದೆಯಾ ನೋಡಿ. ಎರಡು, ಅಳಗಂಚಿಯ ಬಣ್ಣಾರಿ ಅಮ್ಮನ್ ಸಕ್ಕರೆ ಕಾರ್ಖಾನೆಯಂಥ ಕಡೆಗೆ ಕಬ್ಬು ಎಳೆದದ್ದು. ಮೂರು, ಮರಳು, ಇಟ್ಟಿಗೆ ಹೊತ್ತದ್ದು. ಈ ಎರಡರಲ್ಲೂ ಗೇರ್‌ಬಾಕ್ಸು, ಕ್ಲಚ್ಚು, ಬ್ರೇಕು ಸವೆದಿರುತ್ತವೆ. ಟ್ರೇಲರ್ ಪಿನ್ನು ಕೂರುವ ತೂತು ದುಂಡಗಿರುವ ಬದಲು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಆ ಗಾಡಿ ಲೋಡು ಎಳೆದೇ ಬದುಕಿದೆ ಅಂತ ಅರ್ಥ. ಬ್ರೋಕರ್ “ಬರೀ ಹೊಲದಲ್ಲಿ ಓಡಿರೋದು ಸಾ” ಅಂದರೂ ಆ ತೂತು ಸುಳ್ಳು ಹೇಳಲ್ಲ. ಅವರ್ ಮೀಟರನ್ನು ಬದಲಾಯಿಸಿರಬಹುದು, ಆದ್ದರಿಂದ ಪೆಡಲ್ಲಿನ ರಬ್ಬರು, ಸೀಟು, ಗೇರ್ ಲಿವರ್ ಎಷ್ಟು ಸವೆದಿದೆ ಅಂತಲೂ ನೋಡಿ.

ಎಂಜಿನ್ ತಣ್ಣಗಿರುವಾಗಲೇ ಹೋಗಿ. ಮುಟ್ಟಿ ನೋಡಿದಾಗ ಬಿಸಿ ಇದ್ದರೆ, ನೀವು ಬರೋ ಮುಂಚೆ ಯಾಕೆ ಸ್ಟಾರ್ಟ್ ಮಾಡಿದ್ರಿ ಅಂತ ಕೇಳಿ. ಓಡುವಾಗ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡ್ತಿದೆ. ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಬೆರೆತ ಕಾಫಿಯಂತಿದ್ದರೆ ನೀರು ಸೇರಿದೆ, ಅಲ್ಲಿಂದ ಎದ್ದು ಬನ್ನಿ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹೊಗೆ ಭರಭರನೆ ಬಂದರೆ ಪಿಸ್ಟನ್ ರಿಂಗು ಸವೆದಿದೆ. ರೋಟವೇಟರ್ ಎತ್ತಿಸಿ ಎಂಜಿನ್ ಆಫ್ ಮಾಡಿಸಿ. ಅದು ಬೇಗ ಬೇಗ ಕೆಳಗಿಳಿದರೆ ಹೈಡ್ರಾಲಿಕ್ಕಿಗೆ ಖರ್ಚಿದೆ.

ಶಕ್ತಿಯ ವಿಚಾರದಲ್ಲಿ ಆಸೆಬುರುಕತನ ಬೇಡ. ತೆಂಗು, ಬಾಳೆ ತೋಟವಾದರೆ 18ರಿಂದ 25 ಎಚ್‌ಪಿ ಮಿನಿ ಟ್ರ್ಯಾಕ್ಟರ್ ಅಥವಾ ಪವರ್ ಟಿಲ್ಲರ್ ಸಾಕು. ಗದ್ದೆ, ಹೊಲಕ್ಕೆ 35ರಿಂದ 40 ಎಚ್‌ಪಿ. ಕಂಪನಿ ಯಾವುದಾದರೂ ಸರಿ, ಊರಿನ ಮೆಕ್ಯಾನಿಕ್ಕಿಗೆ ಅದು ಗೊತ್ತಿರಬೇಕು, ನಂಜನಗೂಡಿನಲ್ಲೋ ಮೈಸೂರಿನಲ್ಲೋ ಬಿಡಿಭಾಗ ಸಿಗಬೇಕು. ಹೆಸರು ನೋಡಿ ಎಚ್‌ಎಂಟಿ ನಮ್ಮ ಬೆಂಗಳೂರಿನದು ಅಂತ ಮೋಹ ಪಡಬೇಡಿ. ಅದರ ಟ್ರ್ಯಾಕ್ಟರ್ ತಯಾರಾಗುತ್ತಿದ್ದದ್ದು ಹರಿಯಾಣದ ಪಿಂಜೋರ್‌ನಲ್ಲಿ, ಆ ಘಟಕ 2016ರಲ್ಲೇ ಮುಚ್ಚಿದೆ. ಇನ್ನೊಂದು ಮಾತು: 2025ರ ಸೆಪ್ಟೆಂಬರ್ 22ರಿಂದ ಹೊಸ ಟ್ರ್ಯಾಕ್ಟರಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಅದಕ್ಕಿಂತ ಮುಂಚಿನ ಹೊಸ ಗಾಡಿಯ ಬೆಲೆ ತೋರಿಸಿ ಹಳೇದಕ್ಕೆ ರೇಟು ಕಟ್ಟಿದರೆ ಒಪ್ಪಬೇಡಿ.

ಕಾಗದ ಯಾಕೆ ಮುಖ್ಯ?

ಹಳ್ಳಿಯಲ್ಲಿ ಆರ್‌ಸಿ ವರ್ಗಾವಣೆ ಮಾಡಿಸದೆ ನಾಲ್ಕು ಕೈ ದಾಟಿದ ಗಾಡಿಗಳಿರುತ್ತವೆ. ಚಾಸಿ ನಂಬರು, ಎಂಜಿನ್ ನಂಬರನ್ನು ಆರ್‌ಸಿ ಜೊತೆ ತಾಳೆ ನೋಡಿ. ಸಾಲ ಇದ್ದಿದ್ದರೆ ಬ್ಯಾಂಕಿನ ಎನ್‌ಒಸಿ, ಫಾರಂ 35 ಬೇಕು. ವರ್ಗಾವಣೆಗೆ ಫಾರಂ 29, 30. ನೋಂದಣಿಯ ಅವಧಿ 15 ವರ್ಷ, ಮುಗಿದಿದ್ದರೆ ನವೀಕರಣದ ಖರ್ಚನ್ನೂ ಸೇರಿಸಿ.

2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಗಾಡಿ ಮಾರಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ. ಕೊಳ್ಳುವಾಗ ನೆನಪಿಡಬೇಕಾದ್ದು ಇದರ ಇನ್ನೊಂದು ಮುಖ. ನಿಮ್ಮ ಹೆಸರಿನ ಗಾಡಿಯನ್ನು ನೀವಿಲ್ಲದ ಹೊತ್ತಲ್ಲಿ ಯಾರೋ ಓಡಿಸುತ್ತಾರೆ. ನಾಟಿಗೆ ಬಂದ ಹೆಂಗಸರನ್ನು ಟ್ರೇಲರಿನಲ್ಲಿ ಕೂರಿಸಿಕೊಂಡು ಹೋಗುವಾಗ ಅದು ಮಗುಚಿತು ಅಂದುಕೊಳ್ಳಿ. ಕೃಷಿ ಬಳಕೆಯ ವಿಮೆ ಇದಕ್ಕಲ್ಲ ಅಂತ ವಿಮಾ ಕಂಪನಿ ತಕರಾರು ತೆಗೆಯುತ್ತೆ. ನೋವು ಆ ಕೂಲಿ ಹೆಂಗಸರದು, ಕೇಸು ನಿಮ್ಮದು.

ಓಡಿಸೋರು ಯಾರು?

ಇಲ್ಲಿಗೆ ಬಂದಾಗ ಇದು ಯಂತ್ರದ ಪ್ರಶ್ನೆಯಾಗಿ ಉಳಿಯೋದಿಲ್ಲ. ಉಳುವವನೇ ಹೊಲದೊಡೆಯ ಎಂಬ ಘೋಷಣೆಯನ್ನು 1974ರಲ್ಲಿ ಕಾನೂನಾಗಿ ಜಾರಿಗೆ ತಂದ ದೇವರಾಜ ಅರಸು ಇದೇ ಮೈಸೂರು ಜಿಲ್ಲೆಯ ಹುಣಸೂರಿನವರು. ಆ ಕಾಯ್ದೆ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ಬಹುಮಟ್ಟಿಗೆ ನಿಷೇಧಿಸಿದೆ. ಆದರೂ ಊರುಬಿಟ್ಟವರ ಹೊಲವನ್ನು ಯಾರೋ ವಾರಕ್ಕೆ ಮಾಡುತ್ತಲೇ ಇದ್ದಾರೆ. ಎಲ್ಲಾ ಬಾಯಿಮಾತಲ್ಲಿ. ಹೊಸ ಯಂತ್ರದ ಸಹಾಯಧನಕ್ಕೆ ಪಹಣಿ ಬೇಕು, ಅದು ಅವರ ಹೆಸರಲ್ಲಿಲ್ಲ. ಬೆಂಗಳೂರಲ್ಲಿ ಕೂತ ನಮಗೆ ಪಹಣಿ ಇದೆ, ಮಣ್ಣಿನಲ್ಲಿ ನಿಂತವರಿಗೆ ಇಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು. ನಿಮ್ಮ ಮೂರೆಕರೆಗೆ ಟ್ರ್ಯಾಕ್ಟರ್ ಬೇಕೇ ಬೇಕು ಅನ್ನಿಸಿದರೆ, ನಿಮ್ಮ ಹೊಲ ಮಾಡುವವರೇ ಅದನ್ನು ಕೊಳ್ಳುವಂತೆ ಮಾಡಿ. ಗಾಡಿಯನ್ನು ಅವರೇ ಆರಿಸಲಿ, ಆರ್‌ಸಿ, ವಿಮೆ ಅವರ ಹೆಸರಲ್ಲಿರಲಿ. ನೀವು ಹಾಕಿದ ದುಡ್ಡು ವರ್ಷಕ್ಕಿಷ್ಟು ಗಂಟೆ ಉಳುಮೆಯ ರೂಪದಲ್ಲಿ ತೀರಲಿ, ಅದನ್ನು ಬರೆದಿಟ್ಟುಕೊಳ್ಳಿ. ಉಳಿದ ದಿನ ಅವರು ಬೇರೆಯವರ ಹೊಲಕ್ಕೆ ಬಾಡಿಗೆಗೆ ಓಡಿಸಿದರೆ ಗಾಡಿ ತುಕ್ಕು ಹಿಡಿಯಲ್ಲ, ಆ ಮನೆಗೂ ಒಂದು ಸಂಪಾದನೆ. ನಾಲೆಗೆ ನೀರು ಬಂದ ವಾರ ನಿಮ್ಮ ಗದ್ದೆಯ ಉಳುಮೆಯೂ ನಿಲ್ಲಲ್ಲ. “ದುಡ್ಡು ನನ್ನದು, ಗಾಡಿ ಅವರದಾ?” ಅಂತ ಕೇಳುವವರಿದ್ದಾರೆ. ಅಂಥವರು ಬಾಡಿಗೆಗೇ ಹೊಡೆಸಲಿ. 24,000ದಲ್ಲಿ ಮುಗಿಯುತ್ತೆ.