ಟಾನಿಕ್ಕಿಗೂ ಮೊದಲು ರಕ್ತ ಪರೀಕ್ಷಿಸಿ

ರೇಸಿನ ಕುದುರೆ ಹಿಂದೆ ಬಿದ್ದರೆ, ಟಾಂಗಾದ ಕುದುರೆ ಏರಿನಲ್ಲಿ ಏದುಸಿರು ಬಿಟ್ಟರೆ ಲಾಯದಲ್ಲಿ ಮೊದಲು ಹೊರಬರುವುದು ಕಬ್ಬಿಣದ ಟಾನಿಕ್. ‘ರಕ್ತ ಕಮ್ಮಿ ಆಗಿದೆ’ ಎನ್ನುವ ಮಾತು ಎಷ್ಟೋ ಸಲ ನಿಜವೇ. ಮದ್ದು ಮಾತ್ರ ಹೆಚ್ಚಿನ ಸಲ ತಪ್ಪು. ಹುಲ್ಲು, ಹುರುಳಿ, ಮೇವಿಗೆ ಅಂಟಿದ ಮಣ್ಣಿನಿಂದಲೇ ಕುದುರೆಗೆ ಬೇಕಾದಷ್ಟು ಕಬ್ಬಿಣ ಸಿಗುತ್ತದೆ. ಸತ್ತ ಕೆಂಪುಕಣಗಳ ಕಬ್ಬಿಣವನ್ನೂ ದೇಹ ಬಿಟ್ಟುಕೊಡುವುದಿಲ್ಲ. ಬಹುಕಾಲ ರಕ್ತ ಸೋರಿದ ಹೊರತು ಕುದುರೆಯಲ್ಲಿ ಕಬ್ಬಿಣದ ಕೊರತೆ ಅಪರೂಪ. ಕಬ್ಬಿಣ ಅತಿಯಾದರೆ ಯಕೃತ್ತು ಕೆಡುತ್ತದೆ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಆಗತಾನೇ ಹುಟ್ಟಿದ ಮರಿಗಳಿಗೆ ಕಬ್ಬಿಣ ಬೆರೆತ ಪೂರಕ ತಿನ್ನಿಸಿದಾಗ ಅವು ಯಕೃತ್ತು ಕೆಟ್ಟು ಸತ್ತವು.

ಹಾಗಾದರೆ ರಕ್ತ ಹೋಗಿದ್ದೆಲ್ಲಿಗೆ? ಅದನ್ನು ಹುಡುಕುವ ಪರೀಕ್ಷೆಯೇ ನಾಜೂಕಿನದು. ಕುದುರೆಯ ಗುಲ್ಮ ಕೆಂಪುಕಣಗಳ ದೊಡ್ಡ ಉಗ್ರಾಣ. ಪ್ರಾಣಿ ಬೆದರಿದರೆ ಅಥವಾ ಓಡಿದರೆ ಗುಲ್ಮ ಕುಗ್ಗಿ ಆ ದಾಸ್ತಾನೆಲ್ಲ ರಕ್ತನಾಳಕ್ಕೆ ಬರುತ್ತದೆ. ವಿಶ್ರಾಂತಿಯಲ್ಲಿ ರಕ್ತದ ಶೇ 40ರ ಆಸುಪಾಸು ಇದ್ದ ಕೆಂಪುಕಣಗಳ ಪ್ರಮಾಣ ಜೋರು ಓಟದಲ್ಲಿ 60 ದಾಟುತ್ತದೆ. ಸೂಜಿ ಕಂಡು ಹಾರಾಡಿದ ರೋಗಿ ಕುದುರೆಯ ವರದಿ ಚೆನ್ನಾಗಿಯೇ ಬಂದೀತು. ತಟ್ಟುಗಳದ್ದು ಬೇರೆ ಲೆಕ್ಕ: ಅವುಗಳಿಗೆ ಶೇ 30 ಇದ್ದರೂ ಅದು ಸಹಜ. ಮನುಷ್ಯರಲ್ಲಾದರೆ ಎಳೆಯ ಕೆಂಪುಕಣಗಳು ರಕ್ತದಲ್ಲಿ ಕಾಣಿಸಿಕೊಂಡು, ಮಜ್ಜೆ ಕೆಲಸ ಮಾಡುತ್ತಿದೆ ಎಂದು ಹೇಳುತ್ತವೆ. ಕುದುರೆಯಲ್ಲಿ ಅವು ಮಜ್ಜೆಯಲ್ಲೇ ಬಲಿತು ಹೊರಬರುತ್ತವೆ. ಆದ್ದರಿಂದ ಒಂದೇ ಪರೀಕ್ಷೆ ಸಾಲದು; ಕೆಲವು ದಿನ ಬಿಟ್ಟು ಮತ್ತೆ, ಶಾಂತವಾಗಿ ನಿಂತ ಕುದುರೆಯಿಂದಲೇ ರಕ್ತ ತೆಗೆಯಬೇಕು.

ನಮ್ಮ ದೇಶದ ದುಡಿಯುವ ಕುದುರೆಗಳ ರಕ್ತ ಕದಿಯುವವರಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸುವುದು ಸರ್ರಾ ರೋಗ. 1880ರಲ್ಲಿ ಅಂದಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಕುದುರೆ, ಒಂಟೆಗಳು ಸೊರಗಿ ಸಾಯುತ್ತಿದ್ದಾಗ ಸೇನೆಯ ಪಶುವೈದ್ಯ ಗ್ರಿಫಿತ್ ಎವಾನ್ಸ್ ಅವುಗಳ ರಕ್ತದಲ್ಲಿ ಚಾವಟಿಯಂತೆ ಹೊರಳಾಡುವ ಪರಾವಲಂಬಿಯನ್ನು ಕಂಡರು. ಪ್ರಾಣಿಗಳಿಗೆ ರೋಗ ತರುವ, ಟ್ರಿಪನೋಸೋಮ್ ಎಂಬ ಈ ಬಗೆಯ ಪರಾವಲಂಬಿ ಪತ್ತೆಯಾದದ್ದು ಜಗತ್ತಿನಲ್ಲೇ ಅದು ಮೊದಲು. ಮೇಲಧಿಕಾರಿಗಳು ನಂಬಲಿಲ್ಲ. ಇಂದು ಆ ಜೀವಿಗೆ ಎವಾನ್ಸ್ ಹೆಸರೇ ಇದೆ. ಕಚ್ಚುವ ದೊಡ್ಡ ನೊಣಗಳು ಅದನ್ನು ಒಂದು ಕುದುರೆಯಿಂದ ಇನ್ನೊಂದಕ್ಕೆ ಒಯ್ಯುತ್ತವೆ. ಜ್ವರ ಬಂದು, ಬಿಟ್ಟು, ಮತ್ತೆ ಬರುತ್ತದೆ. ಮೇವು ತಿನ್ನುತ್ತಿದ್ದರೂ ಕುದುರೆ ಬಡಕಲಾಗುತ್ತದೆ, ಕಾಲು ಮತ್ತು ಕೆಳಹೊಟ್ಟೆ ಊದುತ್ತವೆ, ಒಸಡು ಬಿಳಚುತ್ತದೆ. ಪರಾವಲಂಬಿ ತನ್ನ ಹೊರಕವಚವನ್ನು ಬದಲಿಸುತ್ತಲೇ ಇರುವುದರಿಂದ ದೇಹದ ಪ್ರತಿರೋಧಕ್ಕೆ ಅದು ಸಿಗುವುದಿಲ್ಲ. ಜ್ವರವಿದ್ದಾಗಲೇ ರಕ್ತ ತೆಗೆದು ಸೂಕ್ಷ್ಮದರ್ಶಕದಡಿ ನೋಡಿದರೆ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು. ಕ್ವಿನಾಪೈರಮಿನ್‌ನಂಥ ಔಷಧ ಇದೆ, ಆದರೆ ಅದು ಪಶುವೈದ್ಯರ ಕೈಯಲ್ಲೇ ಇರಬೇಕು.

ಉಣ್ಣೆಗಳಿಂದ ಬರುವ ಪೈರೋಪ್ಲಾಸ್ಮೋಸಿಸ್ ಕೆಂಪುಕಣಗಳನ್ನು ಒಳಗಿನಿಂದಲೇ ಒಡೆಯುತ್ತದೆ. ಒಸಡು ಹಳದಿಯಾಗಿ, ಮೂತ್ರ ಕಂದಾಗಬಹುದು. ಕಿವಿ, ಕುತ್ತಿಗೆ ಕೂದಲ ಬುಡ, ತೊಡೆಸಂದು ದಿನಾ ನೋಡಬೇಕಾದ ಜಾಗಗಳು. ಕರುಳಿನ ಜಂತುಗಳು ಸದ್ದಿಲ್ಲದೆ ರಕ್ತ ಹೀರುತ್ತವೆ. ಲದ್ದಿಯಲ್ಲಿ ಮೊಟ್ಟೆ ಎಣಿಸಿ ಮದ್ದು ಕೊಡಬೇಕೇ ವಿನಾ, ಕಂಡಾಗಲೆಲ್ಲ ಕೊಟ್ಟರೆ ಜಂತುಗಳೇ ಮದ್ದಿಗೆ ಒಗ್ಗಿಕೊಳ್ಳುತ್ತವೆ. ಕೆಲವು ತಾಯಂದಿರ ಗಿಣ್ಣುಹಾಲಿನಲ್ಲೇ ಮರಿಯ ಕೆಂಪುಕಣ ಒಡೆಯುವ ಪ್ರತಿಕಾಯಗಳಿರುತ್ತವೆ. ಅಂಥ ಮರಿಗೆ ಮೊದಲ ಒಂದೆರಡು ದಿನ ಬೇರೆ ತಾಯಿಯ ಗಿಣ್ಣು ಕುಡಿಸಿ ಉಳಿಸಿಕೊಳ್ಳಬಹುದು. ನೊಣಗಳೇ ಹರಡುವ ಇನ್ನೊಂದು ವೈರಾಣು ರಕ್ತಹೀನತೆಗೆ ಚಿಕಿತ್ಸೆಯೇ ಇಲ್ಲ. ಒಂದೇ ಸೂಜಿಯನ್ನು ಎರಡು ಕುದುರೆಗಳಿಗೆ ಬಳಸಿದರೂ ಅದು ದಾಟುತ್ತದೆ. ಇವನ್ನೆಲ್ಲ ಪರೀಕ್ಷಿಸಲು 1985ರಲ್ಲಿ ಸ್ಥಾಪನೆಯಾದ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಇದೆ.

ಕಾರಣ ತಿಳಿದು ಚಿಕಿತ್ಸೆಯಾದ ಮೇಲೂ ಚೇತರಿಕೆಗೆ ವಾರಗಳು, ಕೆಲವೊಮ್ಮೆ ಎರಡು ತಿಂಗಳು ಬೇಕು. ಅಷ್ಟು ದಿನ ಕುದುರೆಗೆ ವಿಶ್ರಾಂತಿ ಎಂದರೆ ಮೈಸೂರಿನ ಟಾಂಗಾವಾಲಾನ ಮನೆಗೆ ಸಂಪಾದನೆ ಇಲ್ಲ. ದಸರೆಯ ಸವಾರಿಗಳು ಶುರುವಾಗುವುದು ಮಳೆಗಾಲದ ನೊಣಗಳು ಹೆಚ್ಚಿರುವ ದಿನಗಳ ಬೆನ್ನಿಗೇ. ನಗರದ ಹೆಮ್ಮೆ ಎಂದು ಟಾಂಗಾವನ್ನು ಪ್ರವಾಸಿಗರಿಗೆ ತೋರಿಸುವವರು ಪ್ರತಿ ವರ್ಷ ಭಾದ್ರಪದದಲ್ಲೇ ಆ ಕುದುರೆಗಳಿಗೆ ಉಚಿತ ರಕ್ತಪರೀಕ್ಷೆ ಮಾಡಿಸಲಿ, ರಜೆಯ ದಿನಗಳ ಮೇವಿನ ಖರ್ಚನ್ನೂ ಕೊಡಲಿ.