ಹಿಂದೆ ನಿಂತವರು

ರಾತ್ರಿ ಹನ್ನೊಂದು ದಾಟಿದ ಮೇಲೆ, ಮಂಜು ಕವಿದು ಮಲಗಿದ್ದ ದಿಂಬಂ ಬೆಟ್ಟದಲ್ಲಿ, ಐವತ್ತಾರು ವರ್ಷದ ಮುಖ್ಯೋಪಾಧ್ಯಾಯನೊಬ್ಬ ಅಂಗಳಕ್ಕೆ ಬಂದು ತಟ್ಟೆಯನ್ನು ಸೌಟಿನಿಂದ ಬಡಿದನೆಂದರೆ ಓದುಗ ಬಂಧುಗಳು ನಕ್ಕಾರು. ನಮ್ಮಲ್ಲಿ ಅಪರಾತ್ರಿಯಲ್ಲಿ ತಟ್ಟೆ ಬಡಿಯುವುದು ಆನೆ ಬಂದಾಗ. ನೆರೆಯವರು ಟಾರ್ಚು ಹಿಡಿದು ಓಡಿಬಂದರು. ಬಂದದ್ದು ಆನೆಯಲ್ಲ, ಕಪ್ಪು ಎಂದು ತಿಳಿದ ಮೇಲೆ ಅವರು ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸಲಾರೆ.

ಅಂದು 2025ರ ಜೂನ್ 3, ಮಂಗಳವಾರ. ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡವು ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್ನುಗಳಿಂದ ಸೋಲಿಸಿತ್ತು. 2008ರಿಂದ ಆಡುತ್ತ, 2009, 2011, 2016ರಲ್ಲಿ ಅಂತಿಮ ಪಂದ್ಯದವರೆಗೆ ಹೋಗಿ ಬರಿಗೈಯಲ್ಲಿ ಮರಳಿದ ತಂಡವದು. ‘ಈ ಸಲ ಕಪ್ ನಮ್ದೇ’ ಎಂಬ ಮಾತು ವರ್ಷವರ್ಷವೂ ಮೊದಲು ಘೋಷಣೆಯಾಗಿ ಹುಟ್ಟಿ ಕಡೆಗೆ ಹಾಸ್ಯವಾಗಿ ಮುಗಿಯುತ್ತಿತ್ತು. ನಾನಾದರೋ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥರ ಹೆಸರುಗಳನ್ನು ಮಗ್ಗಿಯ ಜೊತೆಯಲ್ಲೇ ಕಲಿತವನು. 1983ರ ವಿಶ್ವಕಪ್ಪನ್ನು ಬಾನುಲಿಗೆ ಕಿವಿ ಹಚ್ಚಿ ಗೆದ್ದವನು. ಆಳುವ ರಾಜ್ಯ ತಮಿಳುನಾಡಾದರೂ ಆಟದಲ್ಲಿ ನಮ್ಮ ಬೆಟ್ಟದ ಬಹಳ ಮನೆಗಳ ಮನಸ್ಸು ಬೆಂಗಳೂರಿನ ಕಡೆಗೇ. ಶಾಲೆಯಲ್ಲಿ ಚೆನ್ನೈಯ ಹಳದಿ ಪಕ್ಷವೂ ಒಂದುಂಟು. ಆ ವರ್ಷ ಚೆನ್ನೈ ಪಟ್ಟಿಯ ಕೊನೆಯಲ್ಲಿದ್ದುದರಿಂದ ಅವರು ಮರುದಿನ ಬೆಳಗ್ಗೆ ಬಹಳ ವಿನಯದಿಂದ ಪಾಠ ಕೇಳಿದರು.

ಆ ಬೆಳಗ್ಗೆ, ಪ್ರಾರ್ಥನೆಗೆ ಮುಂಚೆ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗನ ಫೋನು ಬಂತು.

“ಮಾವ, ಇವತ್ತು ತಂಡ ಬರುತ್ತಂತೆ. ಆಫೀಸಿಗೆ ರಜೆ ಹಾಕಿ ಸ್ಟೇಡಿಯಮ್ಮಿಗೆ ಹೋಗೋಣವೋ ಬೇಡವೋ ಅಂತ ಯೋಚನೆ.”

“ಯೋಚನೆ ಏನೋ? ಹದಿನೆಂಟು ವರ್ಷ ಕಾದದ್ದು. ಹೋಗು, ನನ್ನ ಪರವಾಗಿಯೂ ನೋಡಿ ಬಾ,” ಎಂದೆ.

ಮುಂದಿನದು ಓದುಗರೆಲ್ಲರೂ ಬಲ್ಲ ಸಂಗತಿ. ಆ ದಿನ ಮೆರವಣಿಗೆ ಉಂಟೆಂದೂ ಇಲ್ಲವೆಂದೂ ಎರಡು ಬಗೆಯ ಸುದ್ದಿ ಹಬ್ಬಿತ್ತು. ಸುಮಾರು 35,000 ಜನ ಹಿಡಿಸುವ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತಮುತ್ತ ಎರಡು ಮೂರು ಲಕ್ಷ ಜನ ನೆರೆದರೆಂದು ಮುಖ್ಯಮಂತ್ರಿಗಳೇ ಹೇಳಿದರು. ದ್ವಾರಗಳ ಬಳಿಯ ನೂಕುನುಗ್ಗಲಿನಲ್ಲಿ ಸತ್ತವರು 11 ಜನ, ಒಂದು ತಂಡದಷ್ಟು. ಹೆಚ್ಚಿನವರು ಇನ್ನೂ ಎಳೆಯರು. ಶಾಲೆಗೆ ಹೋಗುವ ಬಾಲಕಿಯೊಬ್ಬಳೂ ಅವರಲ್ಲಿದ್ದಳು. ಗಾಯಗೊಂಡವರು ಐವತ್ತಕ್ಕೂ ಹೆಚ್ಚು. ತಪ್ಪು ಯಾರದೆಂಬ ವಿಚಾರಣೆಯನ್ನು ನ್ಯಾಯಾಲಯವೂ ನ್ಯಾಯಮೂರ್ತಿ ಮೈಕೇಲ್ ಡಿ’ಕುನ್ಹಾ ಅವರ ಆಯೋಗವೂ ಕೈಗೆತ್ತಿಕೊಂಡವು. ಆ ವರ್ಷ ಬೆಂಗಳೂರಿನಲ್ಲಿ ನಡೆಯಬೇಕಾಗಿದ್ದ ಮಹಿಳಾ ವಿಶ್ವಕಪ್ಪಿನ ಪಂದ್ಯಗಳೂ ನವಿ ಮುಂಬಯಿಗೆ ಹೋದವು. ಆ ತೀರ್ಪುಗಳನ್ನು ಕೊಡಲು ನಾನು ಅಧಿಕಾರಿಯಲ್ಲ. ನನ್ನ ವಿಚಾರಣೆ ಬೇರೆಯದು.

ಸಂಜೆ ಸಹೋದ್ಯೋಗಿಯೊಬ್ಬರು ಬಂದು ಸುದ್ದಿ ತೋರಿಸಿದಾಗ ನನ್ನ ಕೈಕಾಲು ತಣ್ಣಗಾದವು. ಹುಡುಗನ ಫೋನು ಸ್ತಬ್ಧ. ನಮ್ಮ ಬೆಟ್ಟದಲ್ಲಿ ಫೋನು ಸಿಗದಿರುವುದು ಹೊಸತಲ್ಲ. ಆದರೆ ಆ ದಿನ ಸಿಗದಿದ್ದುದು ಆ ಕಡೆಯದು. ಏಳು ಗಂಟೆಗೆ ತಾಳವಾಡಿಯಿಂದ ಅಕ್ಕ ಮಾತಾಡಿದಳು. “ತಮ್ಮಾ, ಹುಡುಗ ಫೋನು ಎತ್ತುತ್ತಾ ಇಲ್ಲ. ಆಫೀಸಿನಲ್ಲೇ ಇದ್ದಾನು, ಅಲ್ಲವಾ?” ಎಂದಳು. “ಇರಬೇಕಕ್ಕಾ, ಕೆಲಸ ಹೆಚ್ಚಿರಬೇಕು,” ಎಂದೆ. ಮೂವತ್ತು ವರ್ಷ ಮಕ್ಕಳಿಗೆ ಸತ್ಯವನ್ನೇ ನುಡಿಯಿರಿ ಎಂದು ಬೋಧಿಸಿದ ನಾಲಗೆ ಅದು. ಹೊರಟುಬಿಡೋಣವೆಂದರೆ ನಮ್ಮದು ರಾತ್ರಿ ಸಂಚಾರಕ್ಕೆ ನಿರ್ಬಂಧವುಳ್ಳ ಕಾಡುದಾರಿ. ಬಸ್ಸು ಸಿಗುವುದು ಬೆಳಗಿಗೇ. ಒಂಬತ್ತೂವರೆಗೆ ಯಾರದೋ ಫೋನಿನಿಂದ ಅವನ ದನಿ ಬಂತು. “ಮಾವ, ಇದ್ದೀನಿ.” ಅಷ್ಟೇ ಮಾತು.

ಆತ ದ್ವಾರದ ಹತ್ತಿರಕ್ಕೆ ಹೋಗಿದ್ದನಂತೆ. ಒಂದು ಗಳಿಗೆಯಲ್ಲಿ ತನ್ನ ಪಾದಗಳು ನೆಲ ಬಿಟ್ಟು ಮೇಲೆದ್ದದ್ದು ತಿಳಿಯಿತಂತೆ. ಬೀಳಲೂ ಜಾಗವಿಲ್ಲ, ಉಸಿರು ಎಳೆದುಕೊಳ್ಳಲೂ ಇಲ್ಲ. ಪಕ್ಕದ ಗೋಡೆಯ ಮೇಲಿದ್ದ ಯಾವನೋ ಅಪರಿಚಿತ ಹುಡುಗ ಅಂಗಿಯ ಕೊರಳು ಹಿಡಿದು ಮೇಲಕ್ಕೆ ಎಳೆದುಕೊಂಡ. ಆ ಹುಡುಗನ ಹೆಸರು ಕೇಳಲೂ ಇವನಿಗೆ ಸಾಧ್ಯವಾಗಲಿಲ್ಲ. ಒಂದು ಮೊಳ ಆಚೆ ನಿಂತಿದ್ದರೆ ಆ ಕೈ ಇವನಿಗೆ ಸಿಗುತ್ತಿರಲಿಲ್ಲ.

ನಾವು ಇಂಥದ್ದಕ್ಕೆ ಕಾಲ್ತುಳಿತ ಎನ್ನುತ್ತೇವೆ. ಆ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆಂದು ನನಗೆ ಆಮೇಲೆ ಓದಿ ತಿಳಿಯಿತು. ಯಾರೋ ಒರಟರು ಬಿದ್ದವರನ್ನು ತುಳಿದು ಓಡಿದರೆಂಬ ಭಾವ ಅದರಲ್ಲಿದೆ. ಇಂಥ ದುರಂತಗಳಲ್ಲಿ ಬಹಳ ಮಂದಿ ಸಾಯುವುದು ತುಳಿತದಿಂದಲ್ಲ, ಉಸಿರು ಕಟ್ಟಿ. ಎಷ್ಟೋ ಸಲ ನಿಂತಲ್ಲಿಯೇ. ಒಂದು ಚದರ ಮೀಟರಿನೊಳಗೆ ಆರೇಳು ಮಂದಿ ಸೇರಿದರೆ ಮನುಷ್ಯ ತನ್ನ ಕಾಲಿಗೆ ತಾನು ಒಡೆಯನಲ್ಲ; ಗುಂಪು ನೀರಿನಂತೆ ಅಲೆಯಾಗಿ ತೂಗುತ್ತದೆ. ಎದೆಗೂಡು ಹಿಗ್ಗದಿದ್ದರೆ ಶ್ವಾಸಕೋಶಕ್ಕೆ ಗಾಳಿ ಹೋಗದು. ಎಳೆಯರಿಗೂ ಬಲಶಾಲಿಗಳಿಗೂ ಅಲ್ಲಿ ಭೇದವಿಲ್ಲ. ಒತ್ತುವವರಾದರೂ ದುಷ್ಟರಲ್ಲ. ಹಿಂದೆ ಇರುವವನು ಅರ್ಧ ಹೆಜ್ಜೆ ಮುಂದಿಡುತ್ತಾನೆ, ಅವನ ಹಿಂದಿನವನೂ ಅರ್ಧ ಹೆಜ್ಜೆ. ಹಾಡು, ಕೇಕೆ, ಬಾವುಟಗಳ ನಡುವೆ ಮುಂದಿನವನ ನರಳಾಟ ಹಿಂದಿನವನಿಗೆ ಕೇಳಿಸುವುದೇ ಇಲ್ಲ.

1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ ಫುಟ್‌ಬಾಲ್ ನೋಡಲು ಬಂದ 97 ಮಂದಿ ಹೀಗೆಯೇ ಅಳಿದರು. ತಪ್ಪು ಅಭಿಮಾನಿಗಳದೇ ಎಂದು ಮೊದಲು ಹೊರಿಸಲಾಯಿತು. ಅದು ಸುಳ್ಳೆಂದು ಜ್ಯೂರಿಯು ತೀರ್ಮಾನಿಸಿದ್ದು 2016ರಲ್ಲಿ. ಕಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ 1980ರ ಆಗಸ್ಟ್ 16ರಂದು ಮೋಹನ್ ಬಾಗಾನ್–ಈಸ್ಟ್ ಬೆಂಗಾಲ್ ಪಂದ್ಯದ ಗಲಭೆಯಲ್ಲಿ 16 ಮಂದಿ ಸತ್ತರು. ಆ ದಿನವನ್ನು ಅಲ್ಲಿಯವರು ರಕ್ತದಾನ ಮಾಡಿ ನೆನೆಯುತ್ತ ಬಂದಿದ್ದಾರೆ. ನಮಗೆ ದೂರದ ಉದಾಹರಣೆಗಳೂ ಬೇಡ. 2025ರ ಸೆಪ್ಟೆಂಬರ್ 27ರಂದು, ನಮ್ಮ ಈರೋಡಿನ ನೆರೆಯ ಕರೂರಿನಲ್ಲಿ, ನಟನ ರಾಜಕೀಯ ಸಭೆಗೆ ಹೋದ 41 ಮಂದಿ ಮನೆಗೆ ಮರಳಲಿಲ್ಲ. ಗಡಿಯ ಈಚೆಗೂ ಆಚೆಗೂ ಒಂದೇ ವರ್ಷದಲ್ಲಿ ಒಂದೇ ದುಃಖ.

ನಮ್ಮ ಘಟ್ಟವನ್ನು ನೋಡಿ. ಬಣ್ಣಾರಿಯಿಂದ ಮೇಲೇರುವ ದಾರಿಯಲ್ಲಿ 27 ಹೇರ್‌ಪಿನ್ ತಿರುವುಗಳು. ಮೇಲಿನ ತಿರುವಿನಲ್ಲಿ ಉದ್ದದ ಲಾರಿಯೊಂದು ಸಿಕ್ಕಿಹಾಕಿಕೊಂಡರೆ ಕೆಳಗಿನವನಿಗೆ ಏನೂ ಕಾಣದು. ಹೊಸಬನಾದರೆ ಹಾರನ್ನು ಬಾರಿಸುತ್ತಾನೆ. ಹಳೆಯ ಚಾಲಕರು ಹಾಗಲ್ಲ. ಕೆಳಗಿಳಿಯುವ ಬಸ್ಸಿನವನು ವೇಗ ತಗ್ಗಿಸಿ, ಕೈ ಹೊರಗೆ ಚಾಚಿ, ಏರುವವನಿಗೆ ಸುದ್ದಿ ಹೇಳುತ್ತಾನೆ. ಅವನು ಗಾಡಿಯನ್ನು ಓರೆಗೆ ಹಾಕಿ ಇಳಿದು ಬೀಡಿ ಹಚ್ಚುತ್ತಾನೆ. ಮುಂದಿನವನ ಕಷ್ಟ ತಿರುವಿನಿಂದ ತಿರುವಿಗೆ ಹಿಂದಿನವನವರೆಗೆ ಇಳಿದು ಬರುತ್ತದೆ. ಬೆಂಗಳೂರಿನ ಆ ದ್ವಾರಗಳಿಂದ ಸುದ್ದಿ ಹಿಂದಕ್ಕೆ ಬರಲಿಲ್ಲ. ಕ್ರೀಡಾಂಗಣದ ಒಳಕ್ಕೂ ಅದು ತಡವಾಗಿ ಹೋಯಿತೆನ್ನುತ್ತಾರೆ.

ಆ ಸಾಲಿನ ಕಟ್ಟಕಡೆಯವನು ಎಲ್ಲಿ ನಿಂತಿದ್ದ ಎಂದು ನಾನು ಎಷ್ಟೋ ರಾತ್ರಿ ಲೆಕ್ಕ ಹಾಕಿದ್ದೇನೆ. ಕಬ್ಬನ್ ರಸ್ತೆಯಲ್ಲೇ, ಮೆಟ್ರೊ ನಿಲ್ದಾಣದಲ್ಲೇ? ಇನ್ನೂರು ಕಿಲೋಮೀಟರಿನಷ್ಟು ದೂರದ ಬೆಟ್ಟದಲ್ಲಿ, ಕೈಯಲ್ಲಿ ಹಾಜರಿ ಪುಸ್ತಕ ಹಿಡಿದು, “ಹೋಗು” ಎಂದು ಒಬ್ಬ ಎಳೆಯನನ್ನು ಮುಂದಕ್ಕೆ ನೂಕಿದವನನ್ನು ಆ ಲೆಕ್ಕದಿಂದ ಬಿಡಲು ನನ್ನಿಂದಾಗಿಲ್ಲ. ಅಭಿಮಾನ ಕೆಟ್ಟದ್ದೆಂದು ನಾನು ಹೇಳಲಾರೆ. ಈಗಲೂ ಪಂದ್ಯವಿದ್ದರೆ ಕಿವಿ ತಾನಾಗಿ ಅತ್ತ ಹೋಗುತ್ತದೆ. ತಟ್ಟೆ ಮಾತ್ರ ಅಡಿಗೆಮನೆಯಲ್ಲೇ ಇದೆ.

ಶಾಲೆಯಲ್ಲಿ ಒಂದು ಸಣ್ಣ ಬದಲಾವಣೆಯಾಗಿದೆ. ಸಂಜೆಯ ಗಂಟೆಗೆ ಮಕ್ಕಳು ಒಂದೇ ಬಾಗಿಲಿಗೆ ನುಗ್ಗುತ್ತಾರೆ. ಮೊದಲು ನಾನು ಬಾಗಿಲಲ್ಲಿ ನಿಂತು ಮುಂದಿನವರನ್ನು ಗದರುತ್ತಿದ್ದೆ. ಈಗ ಕೊನೆಯ ಬೆಂಚಿನ ಹಿಂದೆ ನಿಲ್ಲುತ್ತೇನೆ, ಅಲ್ಲಿಯವರ ಹೆಗಲ ಮೇಲೆ ಕೈಯಿಟ್ಟು.

ಹುಡುಗ ದಸರೆಗೆ ಊರಿಗೆ ಬಂದಿದ್ದ. ಆ ದಿನದ ವಿಷಯವನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊರಡುವಾಗ, ಬಸ್ಸು ಬರುವ ಮೊದಲು, “ಅಮ್ಮನಿಗೆ ನೀವು ಹೋಗು ಅಂದದ್ದು ಹೇಳಿಲ್ಲ ಮಾವ,” ಎಂದ.

ಅಕ್ಕನ ಮನೆಗೂ ಈ ಮಾಸಪತ್ರಿಕೆ ಹೋಗುತ್ತದೆ. ಮಧ್ಯಾಹ್ನದ ಊಟವಾದ ಮೇಲೆ ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಕಡೆಯ ಪುಟದವರೆಗೆ ಓದುವವಳು ಅವಳು.