ನೀರಲ್ಲಿ ಬೆಳೆವ ಮೇವಿಗೆ ನಿಂತ ನೀರೇ ವೈರಿ

ಜತ್ತ: ಬರ ಬಿತ್ತೆಂದರೆ ಗಡಿಭಾಗದ ರೈತನ ಮೊದಲ ಚಿಂತೆ ದನದ ಮೇವಿನದು. 2012-13 ಮತ್ತು 2018-19ರ ಬರದಲ್ಲಿ ಸಾಂಗ್ಲಿ, ಸೊಲ್ಲಾಪುರ ಜಿಲ್ಲೆಗಳ ಎಷ್ಟೋ ದನಕರುಗಳು ‘ಚಾರಾ ಛಾವಣಿ’ಗಳಲ್ಲೇ ದಿನ ದೂಡಿದವು. ಹೊಲವಿಲ್ಲದೆ, ಮಣ್ಣಿಲ್ಲದೆ ಏಳೆಂಟು ದಿನದಲ್ಲಿ ಹಸಿರು ಮೇವು ಕೊಡುವ ಹೈಡ್ರೋಪೋನಿಕ್ಸ್ ಪದ್ಧತಿ ಉಮದಿ, ಸಂಖ, ಮಾಡಗ್ಯಾಳದಂಥ ಊರುಗಳಿಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಆದರೆ ಇದರಲ್ಲೊಂದು ತೊಡಕಿದೆ. ಮ್ಯಾಲ ನೋಡಿದರೆ ಹಚ್ಚ ಹಸಿರು, ಟ್ರೇ ಎತ್ತಿ ನೋಡಿದರೆ ಕೆಳಗೆ ಬೇರು ಕೊಳೆತು ಲೋಳೆ!

ಲೆಕ್ಕ ಹೀಗಿದೆ

ಒಂದು ಕೆ.ಜಿ. ಗೋವಿನಜೋಳಕ್ಕೆ ಸುಮಾರು ಐದಾರು ಕೆ.ಜಿ. ಹಸಿ ಮೇವು ಬರುತ್ತದೆ. ಒಂದು ಕೆ.ಜಿ. ಮೇವಿಗೆ ಎರಡು-ಮೂರು ಲೀಟರ್ ನೀರು ಸಾಕು. ಆದರೆ ಈ ಮೇವಿನ ತೂಕದಲ್ಲಿ ಶೇ 80ಕ್ಕೂ ಹೆಚ್ಚು ಪಾಲು ನೀರೇ. ಮೊಳಕೆ ಬೆಳೆಯುವಾಗ ಕಾಳಿನ ಒಣ ಅಂಶ ಹೆಚ್ಚುವುದಿಲ್ಲ, ಸ್ವಲ್ಪ ಕಡಿಮೆಯೇ ಆಗುತ್ತದೆ. ಹಾಗಾಗಿ ಕಣಿಕೆಗೆ ಇದು ಬದಲಿಯಲ್ಲ. ಒಣ ಮೇವಿನ ಜೊತೆಗೆ ಹಾಲು ಕೊಡುವ ದನಕ್ಕೆ ದಿನಕ್ಕೆ ಐದರಿಂದ ಹತ್ತು ಕೆ.ಜಿ. ಹಾಕುವುದು ರೂಢಿ. ಲಾಭವೇ ಇಷ್ಟು ತೆಳುವಾಗಿರುವಾಗ ನಾಲ್ಕು ಟ್ರೇ ಕೊಳೆತರೂ ಲೆಕ್ಕ ತಲೆಕೆಳಗಾಗುತ್ತದೆ.

ಕೊಳೆಯುವುದೇಕೆ?

ಬೇರಿಗೂ ಉಸಿರಾಟ ಬೇಕು. ಟ್ರೇ ತಳದಲ್ಲಿ ನೀರು ನಿಂತರೆ ಗಾಳಿ ಸಿಗದೆ ಬೇರು ಸಾಯುತ್ತದೆ, ಸತ್ತ ಬೇರಿಗೆ ಬೂಷ್ಟು ಹತ್ತುತ್ತದೆ. ಮರಾಠಿಯಲ್ಲಿ ‘ಬುರಶಿ’ ಅನ್ನುವುದು ಇದನ್ನೇ. ಒಡೆದ ಕಾಳು, ಮೊಳಕೆ ಬಾರದ ಕಾಳು, ತೊಳೆಯದ ಟ್ರೇ, ದಪ್ಪಗೆ ಹರವಿದ ಬೀಜ, ಗಾಳಿಯಾಡದ ಶೆಡ್ಡು ಇವೆಲ್ಲ ಬೂಷ್ಟಿಗೆ ಹಬ್ಬ. ಉಷ್ಣಾಂಶ 30 ಡಿಗ್ರಿ ದಾಟಿ ಸೆಕೆಯೂ ಸೇರಿದರೆ ಒಂದೇ ರಾತ್ರಿಯಲ್ಲಿ ಟ್ರೇ ಕೆಡಬಹುದು.

ಮುನ್ನೆಚ್ಚರಿಕೆಯೇ ಮದ್ದು

ಕಾಳು ಆರಿಸುವಲ್ಲಿಂದಲೇ ಎಚ್ಚರ ಶುರುವಾಗಬೇಕು. ಬಿತ್ತನೆಗೆಂದು ಮಾರುವ ಬಣ್ಣ ಬಳಿದ ಬೀಜಕ್ಕೆ ಔಷಧ ಲೇಪಿಸಿರುತ್ತಾರೆ, ಅದು ದನಕ್ಕೆ ವಿಷ. ಔಷಧ ಮುಟ್ಟದ ಇಡೀ ಕಾಳೇ ಬೇಕು. ನೀರಲ್ಲಿ ಹಾಕಿ, ತೇಲುವ ಜೊಳ್ಳು ತೆಗೆಯಬೇಕು. ಶೇ 0.1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ, ಒಳ್ಳೆಯ ನೀರಲ್ಲಿ ತೊಳೆದರೆ ಕಾಳಿನ ಮೇಲಿನ ಬೂಷ್ಟು ಬಹುಮಟ್ಟಿಗೆ ಹೋಗುತ್ತದೆ. ಹನ್ನೆರಡರಿಂದ ಇಪ್ಪತ್ನಾಲ್ಕು ತಾಸು ನೆನೆಸಿ, ಒದ್ದೆ ಗೋಣಿಚೀಲದಲ್ಲಿ ಒಂದು ದಿನ ಕಟ್ಟಿಟ್ಟು, ಮೊಳಕೆ ಒಡೆದ ಮೇಲೆ ಟ್ರೇಯಲ್ಲಿ ತೆಳ್ಳಗೆ ಹರವಬೇಕು.

ಟ್ರೇ ತಳದಲ್ಲಿ ತೂತು ಇರಲಿ, ಒಂದು ಕಡೆ ತುಸು ಇಳಿಜಾರಾಗಿ ಇಡಲಿ. ಒಮ್ಮೆಲೇ ಸುರಿಯುವುದಕ್ಕಿಂತ ಎರಡೆರಡು ತಾಸಿಗೆ ಸ್ವಲ್ಪ ಸ್ವಲ್ಪ ಸಿಂಪಡಿಸಿದರೆ ಒಳ್ಳೆಯದು. ಪ್ರತಿ ಸಲ ಮೇವು ತೆಗೆದ ಮೇಲೆ ಟ್ರೇಯನ್ನು ಬ್ಲೀಚಿಂಗ್ ಪುಡಿ ನೀರಲ್ಲಿ ಉಜ್ಜಿ ತೊಳೆದು, ಕಡು ಬಿಸಿಲಿಗೆ ಒಣಗಿಸಬೇಕು. ಬಿಸಿಲಿಗೇನೂ ಈ ಭಾಗದಲ್ಲಿ ಕೊರತೆಯಿಲ್ಲ.

ಬೂಷ್ಟು ಹತ್ತಿದರೆ?

ಬೂಷ್ಟು ಹತ್ತಿದ ಟ್ರೇಗೆ ಔಷಧವಿಲ್ಲ. ಮೇಲಿನ ಹಸಿರು ಕೊಯ್ದು ಹಾಕಿದರಾಯ್ತು ಅನ್ನುವ ಹಾಗೂ ಇಲ್ಲ. ಇಡೀ ಟ್ರೇ ತೆಗೆದು, ದನದ ಬಾಯಿಗೆ ಸಿಗದಂತೆ ಹೂಳಬೇಕು. ಕಾರಣ ಗಂಭೀರವಾದದ್ದು. ಆಸ್ಪರ್‌ಜಿಲಸ್ ಕ್ಲಾವೇಟಸ್ ಎಂಬ ಬೂಷ್ಟು ಬೆಳೆದ ಮೊಳಕೆ ಕಾಳು ತಿಂದ ದನಗಳು ನಡುಗಿ, ಹಿಂಗಾಲು ಸೋತು ಸತ್ತ ಪ್ರಕರಣಗಳು ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾಗಳಲ್ಲಿ ದಾಖಲಾಗಿವೆ. ಇದೇ ಜಾತಿಯ ಆಸ್ಪರ್‌ಜಿಲಸ್ ಫ್ಲೇವಸ್ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ವಿಷ ಹಾಲಿಗೂ ಇಳಿಯುತ್ತದೆ. ಹಾಲು ಕಾಯಿಸಿದರೂ ಅದು ಹೋಗುವುದಿಲ್ಲ. ಆ ಹಾಲು ಕುಡಿಯುವವು ಮನೆಯ ಮಕ್ಕಳೇ ಅಲ್ಲವೇ? ಒಂದು ಟ್ರೇ ಹೋತು ಅಂತ ಮರುಗಿ, ಎಮ್ಮೆಯನ್ನೇ ಕಳಕೊಳ್ಳಬಾರದು. ಕೆಟ್ಟ ಮೇವು ತಿಂದ ದನ ನಡುಗಿದರೆ, ತೂರಾಡಿದರೆ ಕೂಡಲೇ ಪಶುವೈದ್ಯರನ್ನು ಕರೆಯಬೇಕು.

ತರಕಾರಿಗೂ ಇದೇ ಪಾಠ

ಪೈಪಿನ ನೀರಲ್ಲಿ ಪಾಲಕ, ಲೆಟ್ಯೂಸ್ ಬೆಳೆಯುವವರಿಗೆ ಕಾಟ ಕೊಡುವುದು ಪಿಥಿಯಂ ಎಂಬ ರೋಗಾಣು. ಇದರ ಬೀಜಕಣಗಳು ನೀರಲ್ಲಿ ಈಜಿ ಗಿಡದಿಂದ ಗಿಡಕ್ಕೆ ಹೋಗುತ್ತವೆ. ನೀರು ಬಿಸಿಯಾದಷ್ಟೂ ಅದರಲ್ಲಿನ ಆಮ್ಲಜನಕ ಇಳಿಯುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇದ್ದದ್ದು 30 ಡಿಗ್ರಿಯಲ್ಲಿ ಏಳೂವರೆಗೆ ಬರುತ್ತದೆ. ಆದ್ದರಿಂದ ಟಾಕಿಯನ್ನು ನೆರಳಲ್ಲಿಟ್ಟು, ಬೆಳಕು ಒಳಹೋಗದಂತೆ ಮುಚ್ಚಬೇಕು. ಗಾಳಿ ಪಂಪು ಓಡುತ್ತಿರಬೇಕು. ಕರೆಂಟು ಹೋದಾಗ ನೀರು ನಿಲ್ಲದಂತೆ ಬ್ಯಾಟರಿ ಇದ್ದರೆ ಕ್ಷೇಮ. ನಡುಮಧ್ಯಾಹ್ನ ಎಲೆ ಬಾಡಿದರೆ ಮೊದಲು ಬೇರು ನೋಡಬೇಕು. ತುದಿಯಷ್ಟೇ ಕಂದಾಗಿದ್ದರೆ ಕತ್ತರಿಸಿ, ಟಾಕಿ ತೊಳೆದು ನೀರು ಬದಲಿಸಿದರೆ ಗಿಡ ಉಳಿಯಬಹುದು. ಬೇರೆಲ್ಲ ಲೋಳೆಯಾಗಿದ್ದರೆ ಕಿತ್ತು ಹಾಕುವುದೇ ಸರಿ. ಟ್ರೈಕೋಡರ್ಮಾ ರೋಗ ಬರುವ ಮೊದಲು ಕೊಟ್ಟರೆ ಹೆಚ್ಚು ಫಲ.

ಮೇವಿನ ಟ್ರೇಗೆ ದೊಡ್ಡ ಪರೀಕ್ಷೆಯೇನೂ ಬೇಡ. ದನದ ಮುಂದೆ ಹಾಕುವ ಮೊದಲು ಚಾಪೆಯಂತೆ ಹೆಣೆದ ಬೇರನ್ನು ತಿರುವಿ ನೋಡಿದರೆ ಸಾಕು. ಬೆಳ್ಳಗಿದ್ದು ಹಸಿ ಕಾಳಿನ ವಾಸನೆ ಬಂದರೆ ಹಾಕಬಹುದು. ಕಂದಾಗಿ ಹುಳಿ ವಾಸನೆ ಬಂದರೆ, ಬಿಳಿ-ಕಪ್ಪು ನೂಲು ಕಂಡರೆ ತಿಪ್ಪೆಗೂ ಒಯ್ಯದೆ ಗುಂಡಿ ತೋಡಿ ಮುಚ್ಚಬೇಕು.